ಜಾತ್ರೆಯ ನೆಂಟರು ಮತ್ತು ಜಿನೀವಾ ಪದ್ಧತಿ

ದುಗ್ಗಮ್ಮನ ಜಾತ್ರೆಗೆ ಬರುವ ನೆಂಟರನ್ನು ಇನ್ನು ಮುಂದೆ, ದೇಶಗಳು ನಿರಾಶ್ರಿತರ ಹೊಣೆ ಹಂಚಿಕೊಳ್ಳುವ ಜಿನೀವಾ ಪದ್ಧತಿಯಂತೆ ಹಂಚಿಕೊಳ್ಳತಕ್ಕದ್ದು ಎಂದು ಹಳೇ ದಾವಣಗೆರೆಯ ನಮ್ಮ ಓಣಿ ಸರ್ವಾನುಮತದಿಂದ ತೀರ್ಮಾನಿಸಿದೆ. ಸರ್ವಾನುಮತ ಅಂದರೆ ಮೊದಲನೇ ಮನೆಯ ಅಜ್ಜಿಯೊಬ್ಬರನ್ನು ಬಿಟ್ಟು. ಅವರು ಸಭೆಗೆ ಬಂದಿರಲಿಲ್ಲ. ಜಾತ್ರೆಗೆ ಇನ್ನೂ ವಾರ ಇದ್ದರೂ ಮನೆಯಲ್ಲಿ ಆಗಲೇ ನೆಂಟರಿದ್ದರು.

ಈ ಜಾತ್ರೆ ನೋಡದವರಿಗಾಗಿ ಒಂದು ಮಾತು. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮ ಕರೆದಳೆಂದರೆ ಜಗಳೂರು, ಹರಪನಹಳ್ಳಿ, ಹೊನ್ನಾಳಿ, ಚನ್ನಗಿರಿ, ರಾಣೆಬೆನ್ನೂರು ಎಲ್ಲ ಬಸ್ಸುಗಳೂ ದಾವಣಗೆರೆಗೇ ಬಂದು ಸುರಿಯುತ್ತವೆ. 'ಬರ್ರಿ' ಅಂತ ಒಬ್ಬರಿಗೆ ಹೇಳಿದರೆ ಮನೆಮಂದಿಯೆಲ್ಲ ಬರುತ್ತಾರೆ. ಹೇಳದಿದ್ದರೆ, 'ನೀವ್ ಕರೀಲಿಲ್ಲ, ಆದ್ರೂ ನಾವ್ ಮನಸಿನ್ಯಾಗ ಇಟ್ಕಳ್ಳಿಲ್ಲ ನೋಡ್ರಿ' ಅನ್ನುತ್ತ ಪಕ್ಕದ ಮನೆಯವರನ್ನೂ ಜೊತೆಗೆ ಹಾಕಿಕೊಂಡು ಬರುತ್ತಾರೆ.

ನಮ್ಮ ಓಣಿಯ ಬಾಯಲ್ಲೇ ಅಜ್ಜಿಯ ಮನೆ. ಎರಡಂಕಣ, ಹೆಂಚಿನ ಮಾಡು, ಒಂದೇ ಬಚ್ಚಲು. ಒಳಗೆ ಆಟೋ ಬರುವುದಿಲ್ಲ, ಎಲ್ಲರನ್ನೂ ಅಲ್ಲೇ ಇಳಿಸುತ್ತಾರೆ. ಯಾರ ಮನೆಯ ನೆಂಟರೇ ಆಗಲಿ, ಚೀಲ ಕೆಳಗಿಟ್ಟು 'ಯಜ್ಜೀ, ಒಂದ್ ತಂಬಿಗಿ ನೀರು ಕೊಡು' ಅಂದರೋ, ಮುಗಿಯಿತು, ಜಾತ್ರೆ ಮುಗಿಯುವ ತನಕ ಅವರು ಅಜ್ಜಿಯವರೇ. ಕಳೆದ ಸಲ ಆ ನಡುಮನೆಯಲ್ಲಿ ಜನ ಒಬ್ಬರ ತಲೆಗೆ ಇನ್ನೊಬ್ಬರ ಕಾಲು ಅಂತ ಜೋಡಿಸಿಕೊಂಡು ಮಲಗಿದ್ದರು. ಹರಪನಹಳ್ಳಿ ಕಡೆಯ ಉದ್ದನೆಯ ಮಾವನೊಬ್ಬ ನಿದ್ದೆಯಲ್ಲಿ ಕಾಲು ಚಾಚಿ ಟಿ.ವಿ. ಸ್ಟ್ಯಾಂಡಿನ ಕೆಳಗಿನ ಕೇಬಲ್ ಕಿತ್ತು ಹಾಕಿದ್ದ. ಬೆಳಗಾದರೆ ಬಚ್ಚಲ ಹಂಡೆಯ ಮುಂದೆ ನಿಂತ ಟವೆಲ್ಲುಗಳ ಸಾಲು ಬಾಗಿಲು ದಾಟಿ ಬೀದಿಗೆ ಬಂದಿತ್ತು.

ಓಣಿಯ ಆ ತುದಿಯಲ್ಲಿ ಅಡಿಕೆ ಮಂಡಿ ಸಾಹುಕಾರರ ಮೂರಂತಸ್ತಿನ ಮಾರ್ಬಲ್ ಮನೆ. ಬಚ್ಚಲುಗಳನ್ನು ಅವರೇ ಪೂರ್ತಿ ನೋಡಿಲ್ಲ. ಅಲ್ಲಿಗೆ ಒಬ್ಬ ನೆಂಟನೂ ತಲುಪಿದ್ದು ಯಾರಿಗೂ ನೆನಪಿಲ್ಲ.

ಇದಕ್ಕೆ ಯುರೋಪಿನಲ್ಲಿ ಡಬ್ಲಿನ್ ನಿಯಮ ಅಂತಾರೆ ಎಂದು ವಿವರಿಸಿದವರು ನಮ್ಮ ನಿವೃತ್ತ ಶಿರಸ್ತೇದಾರರು. ನಿರಾಶ್ರಿತನು ಯುರೋಪಿನ ಯಾವ ದೇಶದ ಹೊಸ್ತಿಲನ್ನು ಮೊದಲು ಮೆಟ್ಟುತ್ತಾನೋ, ಸಾಮಾನ್ಯವಾಗಿ ಆ ದೇಶವೇ ಅವನ ಅರ್ಜಿ ನೋಡಬೇಕು. ಸಮುದ್ರ ದಾಟಿ ಬರುವವನು ಗ್ರೀಸಿಗೋ ಇಟಲಿಗೋ ಇಳಿಯುತ್ತಾನೆಯೇ ಹೊರತು, ಸುತ್ತ ನೆಲವೇ ಇರುವ ಆಸ್ಟ್ರಿಯಾಕ್ಕೆ ದೋಣಿಯಲ್ಲಿ ಹೋಗಲಾರ. 'ನಮ್ಮ ಅಜ್ಜಿ ಅಂದ್ರೆ ಗ್ರೀಸ್ ಇದ್ದಂಗ್ರೀ' ಅಂದರು ಶಿರಸ್ತೇದಾರರು. ಎಲ್ಲರೂ ತಲೆಯಾಡಿಸಿದರು. ಅಜ್ಜಿಯ ಬಗ್ಗೆ ತೀವ್ರ ಕಳವಳ ವ್ಯಕ್ತಪಡಿಸಿ ನಡಾವಳಿಯಲ್ಲಿ ಬರೆದುಕೊಳ್ಳಲಾಯಿತು.

ಸಭೆ ಎಲ್ಲಿ ನಡೆಸುವುದು ಎಂಬ ಪ್ರಶ್ನೆ ಬಂದಾಗ ಇತಿಹಾಸವೇ ದಾರಿ ತೋರಿಸಿತು. 1938ರ ಜುಲೈನಲ್ಲಿ, ಹಿಟ್ಲರನ ಜರ್ಮನಿ ಮತ್ತು ಆಸ್ಟ್ರಿಯಾಗಳಿಂದ ಓಡುತ್ತಿದ್ದ ಯಹೂದಿಗಳಿಗೆ ಜಾಗ ಹುಡುಕಲು 32 ದೇಶಗಳು ಸೇರಿದ್ದು ಫ್ರಾನ್ಸಿನ ಏವಿಯಾನ್ ಎಂಬ ಊರಿನ ಐಷಾರಾಮಿ ಹೋಟೆಲಿನಲ್ಲಿ, ಸರೋವರದ ದಂಡೆಯ ಮೇಲೆ. ಆದ್ದರಿಂದ ನಾವೂ ಹೋಟೆಲಿನಲ್ಲೇ ಸೇರಿದೆವು. ಸರೋವರ ಇರಲಿಲ್ಲ, ಆದರೆ ದೋಸೆಯ ಮೇಲೆ ಬೆಣ್ಣೆ ಕರಗಿ ತಟ್ಟೆಯ ಅಂಚಿಗೆ ನಿಂತಿದ್ದನ್ನು ಸಣ್ಣ ಸರೋವರವೆಂದೇ ತಿಳಿಯಬಹುದಿತ್ತು. ಪಲ್ಯ ಎರಡನೇ ಸಲ ಹಾಕಿಸಿಕೊಂಡ ಮೇಲೆ ಸಭೆ ವಿಧ್ಯುಕ್ತವಾಗಿ ಆರಂಭವಾಯಿತು.

ಏವಿಯಾನಿನ ಸಭೆ ಕರೆದವರು ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್. ಕರೆಯೋಲೆಯಲ್ಲೇ ಒಂದು ಮಾತು ಸ್ಪಷ್ಟವಾಗಿತ್ತು: ಯಾವ ದೇಶವೂ ಈಗಿರುವ ತನ್ನ ಕಾನೂನು ಬಿಟ್ಟುಕೊಡುವುದಕ್ಕಿಂತ ಹೆಚ್ಚು ಜನರನ್ನು ತೆಗೆದುಕೊಳ್ಳಬೇಕಾಗಿಲ್ಲ. ಊಟಕ್ಕೆ ಬನ್ನಿ, ಆದರೆ ಒಲೆ ಹಚ್ಚಿರುವುದಿಲ್ಲ ಅಂದ ಹಾಗೆ. ಹತ್ತು ದಿನ ಒಬ್ಬರಾದ ಮೇಲೊಬ್ಬರು ಎದ್ದು ಸಹಾನುಭೂತಿ ಸೂಚಿಸಿದರು. ನಮ್ಮಲ್ಲಿ ಜನಾಂಗದ ಸಮಸ್ಯೆಯೇ ಇಲ್ಲ, ಹೊರಗಿನಿಂದ ತರಿಸಿಕೊಳ್ಳುವ ಆಸೆಯೂ ಇಲ್ಲ ಎಂಬ ಅರ್ಥದ ಮಾತನ್ನು ಆಸ್ಟ್ರೇಲಿಯಾದ ಪ್ರತಿನಿಧಿ ಆಡಿದರು. (ಅಲ್ಲಿನ ಮೂಲನಿವಾಸಿಗಳ ಎದುರು ನಿಂತು ಹೇಳಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.) ಒಂದು ಲಕ್ಷದವರೆಗೆ ಜನ ಬರಲಿ ಎಂದು ಕೈ ಎತ್ತಿದ್ದು ಪುಟ್ಟ ಡೊಮಿನಿಕನ್ ಗಣರಾಜ್ಯ ಒಂದೇ, ಆ ಏರ್ಪಾಟಿನಡಿ ಅಲ್ಲಿಗೆ ಹೋಗಿ ನೆಲೆಸಿದವರು ಸಾವಿರವನ್ನೂ ದಾಟಲಿಲ್ಲ. ಮುಂದೆ ಯುರೋಪಿನಲ್ಲಿ ಏನಾಯಿತು ಎಂಬುದು ಎಲ್ಲರಿಗೂ ಗೊತ್ತು. ಈ ಜಾಗಕ್ಕೆ ಬಂದಾಗ ಶಿರಸ್ತೇದಾರರೂ ಚಟ್ನಿ ಬಟ್ಟಲನ್ನು ಸ್ವಲ್ಪ ಹೊತ್ತು ಸುಮ್ಮನೆ ನೋಡುತ್ತ ಕೂತರು.

ಆಮೇಲೆ ನಿರ್ಣಯಗಳು. 'ಅತಿಥಿ ದೇವೋ ಭವ' ಎಂಬುದು ಒಂದನೇ ಕಲಂ, ಚರ್ಚೆಯಿಲ್ಲದೆ ಪಾಸಾಯಿತು. ಎಲ್ಲ ಮನೆಗಳೂ ಶಕ್ತ್ಯಾನುಸಾರ ನೆಂಟರನ್ನು ಹಂಚಿಕೊಳ್ಳತಕ್ಕದ್ದು, ಎರಡನೇ ಕಲಂ. ಅಜ್ಜಿಗೆ ಓಣಿ ಋಣಿ, ಮೂರನೇ ಕಲಂ. ಇಲ್ಲಿಯ ತನಕ ಸಾಹುಕಾರರು ಮುಖ ಗಂಟಿಕ್ಕಿಕೊಂಡೇ ಇದ್ದರು. ನಾಲ್ಕನೇ ಕಲಂ ಓದಿದ ಮೇಲೆ ಸಡಿಲಾದರು. 'ಮೇಲಿನ ಯಾವುದನ್ನೂ ಪಾಲಿಸಬೇಕೆಂದು ಯಾರಿಗೂ ಕಾನೂನಿನ ಕಟ್ಟುಪಾಡು ಇರತಕ್ಕದ್ದಲ್ಲ.'

ಇದು ನಮ್ಮ ಓಣಿಯ ಕುತಂತ್ರ ಅಂತ ಯಾರೂ ತಿಳಿಯಬಾರದು. 2018ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆ ಒಪ್ಪಿದ ನಿರಾಶ್ರಿತರ ಜಾಗತಿಕ ಒಡಂಬಡಿಕೆ ಇಡೀ ಜಗತ್ತು ಈ ಹೊಣೆಯನ್ನು ಹಂಚಿಕೊಳ್ಳಬೇಕು ಎಂದು ಹೇಳುವ ದೊಡ್ಡ ದಸ್ತಾವೇಜು. ಅದರ ನಾಲ್ಕನೇ ಪ್ಯಾರಾ ಹೇಳುವುದೂ ಇದನ್ನೇ: ಇದಕ್ಕೆ ಕಾನೂನಿನ ಬಂಧನವಿಲ್ಲ. 181 ದೇಶಗಳು ಪರವಾಗಿ ಮತ ಹಾಕಿದವು. ಪಾಲಿಸಬೇಕಾಗಿಲ್ಲ ಎಂದು ಒಳಗೇ ಬರೆದಿರುವ ಪತ್ರಕ್ಕೂ ವಿರುದ್ಧ ಮತ ಹಾಕುವ ಸೂಕ್ಷ್ಮತೆ ತೋರಿಸಿದವು ಎರಡು: ಅಮೆರಿಕ, ಹಂಗೆರಿ.

ನಮ್ಮಲ್ಲಿ ಹಂಗೆರಿಯ ಜಾಗದಲ್ಲಿ ಇರುವವರು ಕಾಂಪೌಂಡಿನ ಮೇಲೆ ಒಡೆದ ಬಾಟಲಿ ಗಾಜು ನೆಟ್ಟಿರುವ ಮನೆಯವರು. ಅವರು ಎದ್ದು ನಿಂತು, 'ನಮ್ಮನಿ ನಮ್ಮಿಷ್ಟರೀ. ನೆಂಟ್ರು ಬರೋದು ತಪ್ಪಿಸ್ರಿ ಮೊದ್ಲು' ಅಂದರು. ಅವರ ಮನೆಯ ಮುಂದೆ 'ನಾಯಿ ಇದೆ ಎಚ್ಚರಿಕೆ' ಬೋರ್ಡಿದೆ. ನಾಯಿ ಇಲ್ಲ.

ಐದನೇ ಕಲಮಿನಲ್ಲಿ ವಾಗ್ದಾನಗಳು. ಜಿನೀವಾದಲ್ಲಿ ನಾಲ್ಕು ವರ್ಷಕ್ಕೊಮ್ಮೆ ಜಾಗತಿಕ ನಿರಾಶ್ರಿತರ ವೇದಿಕೆ ಸೇರುತ್ತದೆ. 2019ರಲ್ಲಿ ಒಂದು, 2023ರಲ್ಲಿ ಇನ್ನೊಂದು ಆಯಿತು. ಎರಡನೆಯದರಲ್ಲಿ ಬಂದ ವಾಗ್ದಾನಗಳೇ 1,600ಕ್ಕೂ ಹೆಚ್ಚು. ಸಾಹುಕಾರರಿಗೆ ಈ ಪದ್ಧತಿ ಬಹಳ ಹಿಡಿಸಿತು. ಕೂತಲ್ಲೇ ಮೂರು ವಾಗ್ದಾನ ಮಾಡಿದರು: ನೆಂಟರ ಸ್ಥಿತಿಗತಿ ಕುರಿತು ಒಂದು ಕಾರ್ಯಾಗಾರ, ಅಜ್ಜಿಗೆ ಅತಿಥಿ ಸತ್ಕಾರದಲ್ಲಿ ಕೌಶಲ ತರಬೇತಿ, ಮತ್ತು ಮುಂದಿನ ವಾಗ್ದಾನ ಸಭೆಗೆ ಶಾಮಿಯಾನ. ಚಪ್ಪಾಳೆ ಬಿತ್ತು. ಒಬ್ಬ ನೆಂಟನನ್ನಾದರೂ ಕರೆದುಕೊಂಡು ಹೋಗ್ತೀರಾ ಅಂತ ಯಾರೋ ಕೇಳಿದ್ದಕ್ಕೆ, ಅಂಥ ಸಣ್ಣ ಮಾತು ಈ ಮಟ್ಟದ ಸಭೆಯಲ್ಲಿ ಬರಬಾರದು ಎಂದು ಅಧ್ಯಕ್ಷರು ತಡೆದರು. 2025ರಲ್ಲಿ 29 ಲಕ್ಷ ನಿರಾಶ್ರಿತರಿಗೆ ಮೂರನೇ ದೇಶದಲ್ಲಿ ಪುನರ್ವಸತಿ ಬೇಕು ಎಂದು ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿ ಲೆಕ್ಕ ಹಾಕಿತ್ತು. ಜಗತ್ತಿನ ನಿರಾಶ್ರಿತರಲ್ಲಿ ಹಾಗೆ ಇನ್ನೊಂದು ದೇಶಕ್ಕೆ ಕರೆಸಿಕೊಳ್ಳಲ್ಪಡುವವರು ವರ್ಷಕ್ಕೆ ನೂರಕ್ಕೆ ಒಬ್ಬರೂ ಬರುವುದಿಲ್ಲ. ಅಂಥಲ್ಲಿ ನಮ್ಮ ಓಣಿಯ ಸಾಹುಕಾರರನ್ನು ಮಾತ್ರ ಹಿಡಿದುಕೊಳ್ಳುವುದು ಯಾವ ನ್ಯಾಯ?

ವಿಮೆ ಏಜೆಂಟರೊಬ್ಬರು, ಹಾಗಾದರೆ ಮನೆಗೆ ಇಷ್ಟು ಅಂತ ಲೆಕ್ಕ ಹಾಕಿ ಹಂಚಿಬಿಡೋಣ ಅಂದರು. ಹೊಸಬರು, ಪಾಪ. ಯುರೋಪು ಅದನ್ನೂ ಮಾಡಿ ನೋಡಿದೆ. 2015ರಲ್ಲಿ ಇಟಲಿ ಮತ್ತು ಗ್ರೀಸಿನಲ್ಲಿ ತುಂಬಿಕೊಂಡವರಲ್ಲಿ 1,60,000 ಮಂದಿಯನ್ನು ಉಳಿದ ದೇಶಗಳು ಹಂಚಿಕೊಳ್ಳಬೇಕೆಂದು ಗೊತ್ತುಮಾಡಿತು. ಎರಡು ವರ್ಷದ ಗಡುವು ಮುಗಿದು ಎಲ್ಲ ಆದ ಮೇಲೆ ನೋಡಿದರೆ ಹೋದವರು ಸುಮಾರು 35,000. ಹಂಗೆರಿ, ಪೋಲೆಂಡ್ ತಲಾ ಸೊನ್ನೆ. ಜೆಕ್ ಗಣರಾಜ್ಯ ಧಾರಾಳಿ: ಹನ್ನೆರಡು ಜನ. ಹಂಗೆರಿ ಮತ್ತು ಸ್ಲೊವಾಕಿಯಾ ಕೋರ್ಟಿಗೆ ಹೋಗಿ 2017ರಲ್ಲಿ ಸೋತವು. 2020ರಲ್ಲಿ ಅದೇ ಕೋರ್ಟು, ಹಂಗೆರಿ, ಪೋಲೆಂಡ್, ಜೆಕ್ ಮೂರೂ ತಪ್ಪು ಮಾಡಿವೆ ಎಂದು ತೀರ್ಪು ಕೊಟ್ಟಿತು. ಅಷ್ಟರಲ್ಲಿ ಯೋಜನೆಯೇ ಮುಗಿದುಹೋಗಿತ್ತು. ದಾವಣಗೆರೆ ಕೋರ್ಟಿನಲ್ಲಿ ಬದುವಿನ ವ್ಯಾಜ್ಯ ನಡೆಸಿ ಗೆದ್ದವರಿಗೆ ಈ ಗೆಲುವಿನ ಸುಖ ಚೆನ್ನಾಗಿ ಗೊತ್ತು.

ಹನ್ನೆರಡು ಎಂಬ ಸಂಖ್ಯೆ ಮಾತ್ರ ಸಭೆಯ ಮನಸ್ಸಿಗೆ ಬಂತು. ಆದರೆ ನಮ್ಮ ಓಣಿಗೆ ಹನ್ನೆರಡು ಜಾಸ್ತಿಯಾಯಿತು ಎಂಬ ಅಭಿಪ್ರಾಯ ಬಂದಿದ್ದರಿಂದ ಮುಂದಿನ ಕಲಮಿಗೆ ಹೋದೆವು.

ಅದು ದುಡ್ಡಿನ ಕಲಂ. ಅನುಭವದಿಂದ ಪಾಠ ಕಲಿತ ಯುರೋಪು 2024ರಲ್ಲಿ ಹೊಸ ಒಪ್ಪಂದ ಮಾಡಿಕೊಂಡಿದೆ. ಜನರನ್ನು ತೆಗೆದುಕೊಳ್ಳಲು ಮನಸ್ಸಿಲ್ಲದ ದೇಶ ತಲೆಗೆ 20,000 ಯೂರೋ ಕಟ್ಟಬಹುದು. ನಮ್ಮ ರೂಪಾಯಿಯಲ್ಲಿ ಹೆಚ್ಚುಕಮ್ಮಿ ಇಪ್ಪತ್ತು ಲಕ್ಷ. ಅದೂ ಬೇಡವಾದರೆ ಸಿಬ್ಬಂದಿ, ಸಾಮಾನು ಹೀಗೆ ಬೇರೆ ಸಹಾಯ ಮಾಡಬಹುದು. ಸಾಹುಕಾರರು ತಲೆಗೆ ನೂರೈವತ್ತು ರೂಪಾಯಿ ಕಟ್ಟಲು ತಯಾರಾದರು. ಕಾಂಪೌಂಡ್ ಮನೆಯವರು ಬೇರೆ ಸಹಾಯದ ಬಾಬ್ತಿನಲ್ಲಿ ಅಜ್ಜಿಗೆ ಎರಡು ಮೂಟೆ ಗಾಜಿನ ಚೂರು ಕೊಡುವುದಾಗಿ ಹೇಳಿದರು.

ಇಷ್ಟರಲ್ಲಿ ಗಟ್ಟಿ ತಲೆಯ ಕಂಟ್ರಾಕ್ಟರೊಬ್ಬರು, ನೆಂಟರನ್ನು ಓಣಿಯೊಳಗೆ ಹಂಚುವುದೇ ಯಾಕೆ, ಬೇರೆ ಊರಿಗೇ ಸಾಗಿಸಿಬಿಟ್ಟರೆ ಹೇಗೆ ಅಂದರು. ಸಭೆಯಲ್ಲಿ ಮಿಂಚು ಹೊಡೆದಂತಾಯಿತು. ಬ್ರಿಟನ್ ಇದನ್ನೇ ಮಾಡಹೊರಟಿದ್ದು. ಸಣ್ಣ ದೋಣಿಗಳಲ್ಲಿ ಇಂಗ್ಲಿಷ್ ಕಾಲುವೆ ದಾಟಿ ಬಂದವರನ್ನು ಆಫ್ರಿಕದ ರುವಾಂಡಾಕ್ಕೆ ಕಳಿಸುವುದು ಎಂದು 2022ರ ಏಪ್ರಿಲಿನಲ್ಲಿ ಒಪ್ಪಂದವಾಯಿತು. 2023ರ ನವೆಂಬರಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಒಮ್ಮತದಿಂದ, ಆ ದೇಶಕ್ಕೆ ಕಳಿಸುವುದು ಸುರಕ್ಷಿತವಲ್ಲ ಎಂದರು. ಸರ್ಕಾರ ಏನು ಮಾಡಿತು? 2024ರ ಏಪ್ರಿಲಿನಲ್ಲಿ ರುವಾಂಡಾ ಸುರಕ್ಷಿತ ದೇಶ ಎಂದೇ ಕಾನೂನು ಪಾಸು ಮಾಡಿತು. ಇಷ್ಟು ಸುಲಭ ಎಂದು ನಮಗೆ ಮೊದಲೇ ಗೊತ್ತಿದ್ದರೆ, ಬೇಸಿಗೆಯಲ್ಲಿ ದಾವಣಗೆರೆ ತಂಪು ಊರು ಎಂದು ಪಾಲಿಕೆಯಿಂದ ಯಾವತ್ತೋ ಒಂದು ಠರಾವು ಮಾಡಿಸಿಕೊಳ್ಳಬಹುದಿತ್ತು.

ತಡ ಮಾಡದೆ ನಾವೂ ಠರಾವು ಮಾಡಿದೆವು: 'ಕಂಟ್ರಾಕ್ಟರರ ಜಗಳೂರಿನ ದಾಯಾದಿಯ ಮನೆ ಸುರಕ್ಷಿತವಾಗಿದೆ.' ಆ ದಾಯಾದಿಗೂ ಕಂಟ್ರಾಕ್ಟರರಿಗೂ ಪಿತ್ರಾರ್ಜಿತ ಹೊಲದ ಜಗಳ ಅವರ ಅಪ್ಪಂದಿರ ಕಾಲದ್ದು. ಹೋದ ವರ್ಷ ಸಮನ್ಸ್ ಕೊಡಲು ಹೋದವನು ಚಪ್ಪಲಿ ಅಲ್ಲೇ ಬಿಟ್ಟು ಬಂದ. ಅದೆಲ್ಲ ವಾಸ್ತವದ ಪ್ರಶ್ನೆ, ಠರಾವಿಗೂ ವಾಸ್ತವಕ್ಕೂ ಸಂಬಂಧ ಇರಬೇಕಾಗಿಲ್ಲ ಎಂದು ಶಿರಸ್ತೇದಾರರು ತಮ್ಮ ಮೂವತ್ತು ಚಿಲ್ಲರೆ ವರ್ಷದ ಕಚೇರಿ ಅನುಭವದ ಬಲದಿಂದ ತೀರ್ಪು ಕೊಟ್ಟರು. ಬ್ರಿಟನ್ನಿನಲ್ಲಿ ಹೊಸ ಸರ್ಕಾರ ಬಂದು 2024ರ ಜುಲೈನಲ್ಲಿ ಆ ಯೋಜನೆಯನ್ನೇ ಎತ್ತಿ ಹಾಕಿತು. ಅದು ಕೊಟ್ಟ ಲೆಕ್ಕದಂತೆ ಆಗಿನವರೆಗಿನ ಖರ್ಚು 70 ಕೋಟಿ ಪೌಂಡು. ಹೋದವರು ನಾಲ್ಕೇ ಜನ, ಅವರೂ ತಾವಾಗಿ ಒಪ್ಪಿ ಹೋದವರು. ಆ ದುಡ್ಡಿನಲ್ಲಿ ಒಬ್ಬೊಬ್ಬರಿಗೂ ರುವಾಂಡಾದಲ್ಲಿ ಒಂದೊಂದು ಬ್ರಿಟನ್ ಕಟ್ಟಿಸಿ ಕೊಡಬಹುದಿತ್ತೇನೋ.

ಅಮೆರಿಕದ ಪದ್ಧತಿ ಇನ್ನೂ ಸರಳ. ವರ್ಷಕ್ಕೆ ಇಷ್ಟೇ ಜನ ಎಂದು ಅಧ್ಯಕ್ಷರು ಒಂದು ಮಿತಿ ಬರೆಯುತ್ತಾರೆ. 2025ರ ಹಣಕಾಸು ವರ್ಷಕ್ಕೆ 1,25,000 ಇದ್ದದ್ದು 2026ಕ್ಕೆ 7,500 ಆಗಿದೆ. ಅದರಲ್ಲೂ ಬಹುಪಾಲು ದಕ್ಷಿಣ ಆಫ್ರಿಕದ ಬಿಳಿಯ ಆಫ್ರಿಕಾನರ್ ಜನರಿಗೆ. ಸಾಹುಕಾರರು ಇದನ್ನು ಕೇಳಿ ಮೊದಲ ಬಾರಿಗೆ ಮನಃಪೂರ್ವಕವಾಗಿ ಒಬ್ಬ ನೆಂಟನಿಗೆ ಒಪ್ಪಿದರು. ಅವನು ತಮ್ಮ ಪೈಕಿಯವನಾಗಿರಬೇಕು, ಸ್ವಂತ ಕಾರಿನಲ್ಲಿ ಬರಬೇಕು, ಸಂಜೆಯೊಳಗೆ ಹೊರಡಬೇಕು.

ಮಾತು ಇಲ್ಲಿಗೆ ಬಂದಾಗ, ಮೂಲೆಯಲ್ಲಿ ಮೊಬೈಲ್ ನೋಡುತ್ತಿದ್ದ ಇಂಜಿನಿಯರಿಂಗ್ ಹುಡುಗ ತಲೆ ಎತ್ತಿ, 'ಅಂಕಲ್, ನಮ್ ದೇಶ ಏನ್ ಮಾಡೇತಿ?' ಅಂದ. ಕೆಟ್ಟ ಪ್ರಶ್ನೆ. ಈಗಿನ ಹುಡುಗರಿಗೆ ಎಲ್ಲಿ ಯಾವುದು ಕೇಳಬೇಕು ಎಂಬುದು ತಿಳಿಯುವುದಿಲ್ಲ.

ಭಾರತದ್ದು ಒಂದು ವಿಚಿತ್ರ. 1951ರ ನಿರಾಶ್ರಿತರ ಒಪ್ಪಂದಕ್ಕೆ ನಾವು ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ಒಂದು ಕಾನೂನೂ ಮಾಡಿಕೊಂಡಿಲ್ಲ. ಆದರೆ ಸಹಿ ಹಾಕಿದ ಎಷ್ಟೋ ದೇಶಗಳಿಗಿಂತ ಹೆಚ್ಚು ಜನರನ್ನು ಇಟ್ಟುಕೊಂಡವರೂ ನಾವೇ. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದವರು ಸುಮಾರು ಒಂದು ಕೋಟಿ. ಸಿಂಧನೂರಿನ ಕಡೆ ಇವತ್ತಿಗೂ ಆರ್.ಎಚ್. ಕ್ಯಾಂಪು ಎಂಬ ಪುನರ್ವಸತಿ ಊರುಗಳಲ್ಲಿ ಬಂಗಾಳಿ ಕೇಳಿಸುತ್ತದೆ. ಬೈಲಕುಪ್ಪೆಯ ಕಾಡು ಕಡಿದು ಟಿಬೆಟಿಯನ್ನರಿಗೆ ನೆಲ ಕೊಟ್ಟಿದ್ದು 1960ರ ಆಸುಪಾಸಿನಲ್ಲಿ. ಮುಂಡಗೋಡಿನ ನೆಲೆ ಶುರುವಾದದ್ದು 1966ರಲ್ಲಿ, ಎಸ್. ನಿಜಲಿಂಗಪ್ಪ ಮುಖ್ಯಮಂತ್ರಿಯಾಗಿದ್ದಾಗ. ನಿಜಲಿಂಗಪ್ಪ ಚಿತ್ರದುರ್ಗದ ವಕೀಲರು. 1997ರ ತನಕ ದಾವಣಗೆರೆಯೂ ಚಿತ್ರದುರ್ಗ ಜಿಲ್ಲೆಗೇ ಸೇರಿತ್ತಾದ್ದರಿಂದ ಅವರು ನಮ್ಮವರೇ ಎಂದು ಸಭೆ ಹೆಮ್ಮೆಪಟ್ಟಿತು. ದಲೈ ಲಾಮಾ ಅವರು ಇವತ್ತಿಗೂ ನಿಜಲಿಂಗಪ್ಪನವರ ಹೆಸರು ಹೇಳಿ ನೆನೆಯುತ್ತಾರೆ ಎಂದಾಗ ಹೆಮ್ಮೆ ಇನ್ನೊಂದು ಸುತ್ತು ಬಂತು, ಜೊತೆಗೆ ಕಾಫಿ.

ಹುಡುಗ ಬಿಡಲಿಲ್ಲ. 2019ರ ಪೌರತ್ವ ತಿದ್ದುಪಡಿ ಕಾಯ್ದೆಯಲ್ಲಿ ಮೂರು ದೇಶ, ಆರು ಧರ್ಮ ಎಂದು ಎಣಿಸಿ ಬರೆದಿರುವಾಗ, ತಮಿಳುನಾಡಿನ ಶಿಬಿರಗಳಲ್ಲಿ ದಶಕಗಳಿಂದ ಇರುವ ಶ್ರೀಲಂಕಾ ತಮಿಳರು ಅದರಲ್ಲಿ ಎಲ್ಲಿದ್ದಾರೆ, ರೋಹಿಂಗ್ಯಾಗಳು ಎಲ್ಲಿದ್ದಾರೆ ಅಂದ. ಪಟ್ಟಿ ಅಂದ ಮೇಲೆ ಕೆಲವರು ಬಿಟ್ಟುಹೋಗುತ್ತಾರೆ, ಮದುವೆ ಕರೆಯೋಲೆ ಹಂಚುವಾಗ ಆಗುವುದಿಲ್ಲವೇ ಎಂದು ಅಧ್ಯಕ್ಷರು ಸಮಾಧಾನ ಹೇಳಿದರು. ಹುಡುಗ ಇನ್ನೂ ಮುಂದೆ ಹೋಗಿ, 'ಅಷ್ಟೊಂದು ನಿಜಲಿಂಗಪ್ಪ ನಿಜಲಿಂಗಪ್ಪ ಅಂತೀರಿ, ಟಿಬೆಟಿಯನ್ ಹುಡುಗನೊಬ್ಬ ಸ್ವೆಟರ್ ಗಂಟು ಹೊತ್ಕಂಡು ಬಂದು ರೂಮ್ ಕೇಳಿದ್ರೆ ಕೊಡ್ತೀರೇನ್ರಿ?' ಅಂದುಬಿಟ್ಟ. ಸಾಹುಕಾರರ ಮಹಡಿಗೆ ತೂಗು ಹಾಕಿರುವ 'ಮನೆ ಬಾಡಿಗೆಗಿದೆ' ಬೋರ್ಡಿನ ಕೆಳಗೆ ಸಣ್ಣಕ್ಷರದಲ್ಲಿ ಏನೇನು ಬರೆದಿದೆ ಎಂಬುದು ಸಭೆಯಲ್ಲಿದ್ದ ಎಲ್ಲರಿಗೂ ಗೊತ್ತು. ಮದುವೆಯಾಗದವರಿಗಿಲ್ಲ, ಹೊರಗಿನವರಿಗಿಲ್ಲ, ಮಾಂಸ ತಿನ್ನುವವರಿಗಿಲ್ಲ. ಪಕ್ಕದ ತಾಲ್ಲೂಕಿನಿಂದ ನರ್ಸಿಂಗ್ ಓದಲು ಬಂದ ಹುಡುಗಿಯರು ಆ ಸಣ್ಣಕ್ಷರ ಓದಿ ಮೆಟ್ಟಿಲಿನಿಂದಲೇ ವಾಪಸು ಹೋಗಿದ್ದಾರೆ.

ವಿಷಯಾಂತರವಾಗುತ್ತಿದೆ ಎಂದು ಹುಡುಗನ ಮಾತನ್ನು ನಡಾವಳಿಯಿಂದ ತೆಗೆಯಲಾಯಿತು.

ತೆಗೆಯದೆ ಉಳಿದದ್ದು ಶಿರಸ್ತೇದಾರರು ಕೊನೆಯಲ್ಲಿ ಓದಿದ ಒಂದಿಷ್ಟು ಲೆಕ್ಕ. ಜಗತ್ತಿನ ನಿರಾಶ್ರಿತರಲ್ಲಿ ಹತ್ತಕ್ಕೆ ಏಳು ಮಂದಿಗೂ ಹೆಚ್ಚು ಇರುವುದು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ನಮ್ಮ ಚಿತ್ರದುರ್ಗ ಜಿಲ್ಲೆಗಿಂತ ಸ್ವಲ್ಪ ದೊಡ್ಡದಾದ ಲೆಬನಾನ್, ಒಂದು ಹಂತದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸಿರಿಯನ್ನರನ್ನು ಇಟ್ಟುಕೊಂಡಿತ್ತು. ಟರ್ಕಿಯಲ್ಲಿ 36 ಲಕ್ಷ ಜನ ಇದ್ದರು. ಅವರನ್ನು ಅಲ್ಲೇ ನಿಲ್ಲಿಸಿಕೊಳ್ಳಲಿ ಎಂದು ಯುರೋಪು 2016ರಲ್ಲಿ 600 ಕೋಟಿ ಯೂರೋ ತನಕ ಕೊಡಲು ಒಪ್ಪಿತು. 2017ರ ಆಗಸ್ಟಿನಿಂದ ಕೆಲವೇ ತಿಂಗಳಲ್ಲಿ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾಗಳು ಗಡಿ ದಾಟಿದಾಗ ಬಾಂಗ್ಲಾದೇಶ ಯಾವ ಹೋಟೆಲಿನಲ್ಲೂ ಸಭೆ ಕರೆದಿರಲಿಲ್ಲ, ಕರೆಯಲು ಪುರಸೊತ್ತೂ ಇರಲಿಲ್ಲ. 'ಅಂದ್ರೆ ಇವ್ರೆಲ್ಲ ಓಣಿ ಬಾಯಾಗ ಮನಿ ಇದ್ದೋರು' ಎಂದು ವಿಮೆ ಏಜೆಂಟರು ಷರಾ ಬರೆದರು. ಅವರು ಹೊಸಬರಾದರೂ ಬೇಗ ಕಲಿಯುವ ಆಸಾಮಿ.

ಸಭೆ ಮುಗಿಯಿತು, ಬಿಲ್ಲು ಬಂತು. ಸಾಹುಕಾರರು ಅದನ್ನು ನೋಡಿ, ಮುಂದಿನ ಸಭೆಯಲ್ಲಿ ಈ ಬಗ್ಗೆ ವಾಗ್ದಾನ ಮಾಡುವುದಾಗಿ ತಿಳಿಸಿ ಕೈ ತೊಳೆಯಲು ಹೋದವರು ಅಲ್ಲಿಂದಲೇ ಮನೆಗೆ ಹೋದರು. ಕಾಂಪೌಂಡ್ ಮನೆಯವರು ತಾವು ಖಾಲಿ ದೋಸೆ ಮಾತ್ರ ತಿಂದಿದ್ದಾಗಿ ವಾದಿಸಿದರು. ಒಂದಷ್ಟು ಹೊತ್ತು ಜವಾಬ್ದಾರಿ ಹಂಚಿಕೆಯ ಕುರಿತು ರಚನಾತ್ಮಕ ಮಾತುಕತೆ ನಡೆದು, ಹೋಟೆಲಿಗೆ ಅತ್ಯಂತ ಹತ್ತಿರ ಇರುವ ಮನೆ ಯಾವುದೋ ಆ ಮನೆಯವರೇ ಬಿಲ್ಲು ಕೊಡುವುದು ಭೌಗೋಳಿಕವಾಗಿ ಸೂಕ್ತ ಎಂಬ ಒಮ್ಮತಕ್ಕೆ ಬರಲಾಯಿತು. ಜಂಟಿ ಕಾರ್ಯದರ್ಶಿಯಾದ ಕಾರಣ ನಡಾವಳಿ ಮತ್ತು ಬಿಲ್ಲು ಎರಡನ್ನೂ ತಲುಪಿಸುವ ಕೆಲಸ ನನ್ನ ಕೊರಳಿಗೆ ಬಿತ್ತು.

ಅಜ್ಜಿ ಹಿತ್ತಲಿನಲ್ಲಿ ಮಸಾಲೆಗೆ ಒಣಕೊಬ್ಬರಿ ತುರಿಯುತ್ತಿದ್ದರು. ಒಳಗೆ ಹೊನ್ನಾಳಿಯ ಮಕ್ಕಳು ಯಾರದೋ ಚೀಲದಿಂದ ಮಂಡಕ್ಕಿ ತೆಗೆದು ಮನೆಯೆಲ್ಲ ಚೆಲ್ಲಿದ್ದವು. ನಾನು ನಿಂತುಕೊಂಡೇ ಎಲ್ಲ ಕಲಮುಗಳನ್ನೂ ಓದಿ ಹೇಳಿದೆ. ಅಜ್ಜಿ ತುರಿಯುವುದನ್ನು ನಿಲ್ಲಿಸಲಿಲ್ಲ.

'ಹಂಗಾರೆ ಇದ್ರಾಗ ಬರದಂಗ ಆ ಸಾಹುಕಾರ ನೆಂಟ್ರನ್ನ ಕರ್ಕಂಡ್ ಹೋಗ್ಲೇಬೇಕೇನಪ್ಪ?'

'ಇಲ್ಲಜ್ಜಿ. ನಾಲ್ಕನೇ ಕಲಂ ಐತಲ್ಲ. ಪಾಲಿಸ್ಲೇಬೇಕು ಅಂತೇನಿಲ್ಲ.'

'ಮತ್ತೆ ಈ ಬಿಲ್ಲು?'

'ಅದನ್ನ ಕೊಡ್ಲೇಬೇಕಜ್ಜಿ. ಹೋಟ್ಲಿನೋನು ಬಾಗ್ಲಾಗೆ ನಿಂತಾನೆ.'